ಮಕ್ಕಳನ್ನು ತೂಗುವ ಮುಂಚೆ ಉಣ್ಣಿಸಿ
ಕ್ರೀಡಾ ಹಾಸ್ಟೆಲ್, ಗರಡಿ, ಅಥ್ಲೆಟಿಕ್ಸ್ ಶಿಬಿರಗಳ ತರಬೇತುದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೋಚ್ ಸರ್, ಕೋಚ್ ಮೇಡಂ, ಗರಡಿಮನೆಯ ವಸ್ತಾದರೇ,

ನಾನು ಧಾರವಾಡದಲ್ಲಿ ಪ್ರಾಕ್ಟೀಸ್ ಮಾಡುವ ವೈದ್ಯೆ. ಜ್ವರ, ಸಕ್ಕರೆ ಕಾಯಿಲೆ, ಬಿ.ಪಿ. ನೋಡುವುದೇ ನನ್ನ ದಿನದ ಕೆಲಸ. ಅದರ ನಡುವೆ ಸುತ್ತಲಿನ ಹಾಸ್ಟೆಲ್‌ಗಳ, ಗರಡಿಗಳ, ಕಾಲೇಜು ತಂಡಗಳ ಮಕ್ಕಳೂ ಬರುತ್ತಾರೆ. ಓಡುವ ಹುಡುಗಿಯರು, ಕುಸ್ತಿಯ ಹುಡುಗರು, ಕಬಡ್ಡಿ ಆಡುವವರು, ಸೈಕಲ್ ತುಳಿಯುವವರು. ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ಮೊಣಕಾಲ ಕೆಳಗೆ ಎಲುಬು ನೋವು, ಮತ್ತೊಬ್ಬರದು "ಮೊದಲಿನ ಟೈಮಿಂಗ್ ಬರವಲ್ದರೀ" ಎನ್ನುವ ಅಳಲು. ರಕ್ತ ಪರೀಕ್ಷೆ ಮಾಡಿಸಿ, ಕೂರಿಸಿ ಮಾತಾಡಿಸಿದರೆ ಬಹಳಷ್ಟು ಸಲ ಕಾರಣ ಒಂದೇ: ಮಗು ಪಡುವ ಶ್ರಮಕ್ಕೆ ತಕ್ಕಷ್ಟು ಉಂಡಿಲ್ಲ. ಕೆಲವರಿಗೆ ಸಿಕ್ಕಿಲ್ಲ, ಅದಕ್ಕೆ ಉಂಡಿಲ್ಲ. ಕೆಲವರಿಗೆ ಉಣ್ಣಬೇಡ ಎಂದು ಯಾರೋ ಹೇಳಿದ್ದಾರೆ, ಅದಕ್ಕೆ ಉಂಡಿಲ್ಲ. ಯಾರು ಹೇಳಿದ್ದು ಎಂದು ಕೇಳಿದರೆ ತಲೆ ತಗ್ಗಿಸಿ "ಸರ್" ಎನ್ನುತ್ತಾರೆ.

ಸಿಟ್ಟಿನಿಂದ ಈ ಪತ್ರ ಬರೆಯುತ್ತಿಲ್ಲ. ನಿಮ್ಮಲ್ಲಿ ಹಲವರನ್ನು ನಾನು ಬಲ್ಲೆ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಸುಣ್ಣದ ಗೆರೆ ಎಳೆಯುವವರು ನೀವು. ಬಡ ಮಗುವಿಗೆ ಕೈಯಿಂದ ಹಣ ಹಾಕಿ ಶೂ ಕೊಡಿಸುತ್ತೀರಿ. ಮೀಟ್‌ಗೆ ಹೋಗುವ ರೈಲಿನಲ್ಲಿ ರಿಸರ್ವೇಶನ್ ಸಿಗದಿದ್ದರೆ ಮಕ್ಕಳನ್ನು ಸೀಟಿನಲ್ಲಿ ಮಲಗಿಸಿ ನೀವು ಬಾಗಿಲ ಬಳಿ ಕೂತು ರಾತ್ರಿ ಕಳೆಯುತ್ತೀರಿ. ಅಪ್ಪ ಅವ್ವನ ಮಾತು ಮೀರುವ ಮಕ್ಕಳೂ ನಿಮ್ಮ ಮಾತು ಮೀರುವುದಿಲ್ಲ. ಊಟದ ವಿಷಯದಲ್ಲಿ ನಾನು ಬರೆದುಕೊಡುವ ಹತ್ತು ಚೀಟಿಗಿಂತ ನಿಮ್ಮ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ತೂಕದಿಂದಲೇ ಶುರು ಮಾಡುತ್ತೇನೆ.

2024ರ ಆಗಸ್ಟ್ 6ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿ ಗೆದ್ದರು. ಮೊದಲನೆಯದು ಜಪಾನಿನ ಯುಯಿ ಸುಸಾಕಿಯ ಮೇಲೆ. ಸುಸಾಕಿ ಅಲ್ಲಿಯವರೆಗೆ ಅಂತರರಾಷ್ಟ್ರೀಯ ಕಣದಲ್ಲಿ ಸೋಲನ್ನೇ ಕಂಡಿರಲಿಲ್ಲ. ಮರುದಿನ ಬೆಳಿಗ್ಗೆ ಫೈನಲ್‌ಗೆ ಮುಂಚಿನ ತೂಕದಲ್ಲಿ 50 ಕಿಲೋ ಮೇಲೆ 100 ಗ್ರಾಂ ಬಂತು. ಅನರ್ಹಗೊಳಿಸಿದರು. ನಿಯಮದ ಪ್ರಕಾರ ಬೆಳ್ಳಿಯೂ ಇಲ್ಲ, ಪಟ್ಟಿಯಲ್ಲಿ ಕೊನೆಯ ಸ್ಥಾನ. ಆಗಸ್ಟ್ 14ರಂದು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಮೇಲ್ಮನವಿಯನ್ನೂ ತಳ್ಳಿಹಾಕಿತು. ಆ ದಿನಗಳಲ್ಲಿ ಚಹಾದಂಗಡಿಯಿಂದ ಟಿ.ವಿ. ಸ್ಟುಡಿಯೋವರೆಗೆ ಎಲ್ಲರೂ ಮಾತಾಡಿದ್ದು ಆ ನೂರು ಗ್ರಾಂ ಬಗ್ಗೆ.

ನನ್ನ ಮನಸ್ಸು ಮಾತ್ರ ಅದರ ಹಿಂದಿನ ರಾತ್ರಿಯನ್ನು ಬಿಟ್ಟು ಕದಲಲಿಲ್ಲ. ಆಕೆ ಅದಕ್ಕೂ ಮುಂಚೆ ಆಡುತ್ತಿದ್ದದ್ದು 53 ಕಿಲೋ ವಿಭಾಗದಲ್ಲಿ. ಮೊದಲ ದಿನ ಬೆಳಿಗ್ಗೆ ತೂಕ ಸರಿಯಾಗಿಯೇ ಇತ್ತು. ಮೂರು ಕುಸ್ತಿ ಆಡಲು ಮೈಯಲ್ಲಿ ಶಕ್ತಿ ಬೇಕಲ್ಲ, ಒಂದಿಷ್ಟು ತಿಂದರು, ನೀರು ಕುಡಿದರು. ಸಂಜೆಗೆ ತೂಕ ಮಿತಿಗಿಂತ ಸುಮಾರು 2.7 ಕಿಲೋ ಹೆಚ್ಚಾಗಿತ್ತು. ಆ ರಾತ್ರಿ ನಿದ್ದೆಯಿಲ್ಲ, ಊಟವಿಲ್ಲ, ನೀರಿಲ್ಲ. ವ್ಯಾಯಾಮದ ಯಂತ್ರ, ಸೌನಾದ ಬಿಸಿ ಕೋಣೆ, ಮತ್ತೆ ವ್ಯಾಯಾಮ. ಕೊನೆಗೆ ಕೂದಲನ್ನೂ ಕತ್ತರಿಸಿದರು. ಆ ರಾತ್ರಿ ಆಕೆ ಸಾಯಬಹುದೆಂದು ಹೆದರಿದ್ದೆ ಎಂದು ಆಕೆಯ ಹಂಗೇರಿಯ ಕೋಚ್ ವೋಲರ್ ಆಕೋಸ್ ಆಮೇಲೆ ಬರೆದುಕೊಂಡರು. ಪದಕ ತಪ್ಪಿದ್ದಕ್ಕೆ ದೇಶವೇ ಅತ್ತಿತು. ಕೋಚ್ ಬರೆದ ಆ ವಾಕ್ಯವನ್ನು ಓದಿ ಬೆಚ್ಚಿಬಿದ್ದವರು ಬಹಳ ಜನ ಇರಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಅದೇ ಒಲಿಂಪಿಕ್ಸ್‌ನಲ್ಲಿ 21 ವರ್ಷದ ಅಮನ್ ಸೆಹ್ರಾವತ್ 57 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಹತ್ತು ಗಂಟೆಯಲ್ಲಿ 4.6 ಕಿಲೋ ಇಳಿಸಿದ್ದನ್ನು ಪತ್ರಿಕೆಗಳು ಸಾಹಸದ ಕಥೆಯಂತೆ ಬರೆದವು. ಮರುವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ಝಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಹುಡುಗ 1.7 ಕಿಲೋ ಹೆಚ್ಚು ತೂಗಿ ಒಂದೂ ಕುಸ್ತಿ ಆಡದೆ ಹೊರಬಿದ್ದರು. ದೇಹ ಒಂದು ಸಲ ಒಪ್ಪಿದ್ದನ್ನು ಮುಂದಿನ ಸಲವೂ ಒಪ್ಪುತ್ತದೆ ಎಂದು ನಂಬುವಂತಿಲ್ಲ.

ಒಲಿಂಪಿಕ್ಸ್‌ನಲ್ಲಾದರೂ ಪಕ್ಕದಲ್ಲಿ ಡಾಕ್ಟರ್ ಇದ್ದರು, ಆಹಾರ ತಜ್ಞರಿದ್ದರು, ಡ್ರಿಪ್ ಹಾಕಲು ಆಸ್ಪತ್ರೆ ಇತ್ತು. ನಮ್ಮಲ್ಲಿ ಜಿಲ್ಲಾ ಮಟ್ಟದ ಕುಸ್ತಿಗೆ, ಕಿರಿಯರ ಕಬಡ್ಡಿಯ ತೂಕದ ಮಿತಿಗೆ ಹದಿನಾಲ್ಕು ಹದಿನೈದರ ಹುಡುಗರು ಇದನ್ನೇ ಮಾಡುತ್ತಾರೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ರೇನ್‌ಕೋಟ್ ತೊಟ್ಟು ಓಡುತ್ತಾರೆ. ಬಾಯಲ್ಲಿ ಚ್ಯೂಯಿಂಗ್ ಗಮ್ ಇಟ್ಟುಕೊಂಡು ಉಗುಳಿ ಉಗುಳಿ ಜೊಲ್ಲು ಖಾಲಿ ಮಾಡುತ್ತಾರೆ. ಹಿಂದಿನ ದಿನವೆಲ್ಲ ನೀರು ಮುಟ್ಟುವುದಿಲ್ಲ. ಕೆಲವರ ಚೀಲದಲ್ಲಿ ಫ್ಯೂರೋಸಮೈಡ್ ಗುಳಿಗೆ ಕಂಡಿದ್ದೇನೆ. ಹೃದಯ ಸೋತ, ಕಾಲು ಬಾತ ರೋಗಿಗಳಿಗೆ ನಾವು ಪೊಟ್ಯಾಸಿಯಂ ಪರೀಕ್ಷೆ ಮಾಡಿಸುತ್ತ ಎಚ್ಚರದಿಂದ ಕೊಡುವ ಔಷಧ ಅದು. ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲೂ ಅದರ ಹೆಸರಿದೆ.

ಒಂದು ರಾತ್ರಿಯಲ್ಲಿ ಇಳಿಯುವ ಎರಡು ಮೂರು ಕಿಲೋ ಕೊಬ್ಬಲ್ಲ, ನೀರು. ಆ ನೀರಿನಲ್ಲಿ ಒಂದು ಪಾಲು ರಕ್ತದ್ದು. ರಕ್ತದ ಪ್ರಮಾಣ ತಗ್ಗಿದಾಗ ಹೃದಯ ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕು. ಬೆವರು ಕಡಿಮೆಯಾದಂತೆ ಮೈಯ ಕಾವು ಹೊರಹೋಗುವ ದಾರಿ ಮುಚ್ಚುತ್ತದೆ. ಮೂತ್ರಪಿಂಡ ಬಳಲುತ್ತದೆ, ಲವಣಾಂಶ ಏರುಪೇರಾಗಿ ಹೃದಯದ ಲಯ ತಪ್ಪುವ ಅಪಾಯ ಬರುತ್ತದೆ. ದೇಹದ ತೂಕದ ಶೇಕಡಾ 2ರಷ್ಟು ನೀರು ಹೋದರೆ ಸಾಕು, ದಮ್ಮಿನ ಆಟಗಳಲ್ಲಿ ಕುಗ್ಗುವುದು ಕಾಣುತ್ತದೆ. ಐವತ್ತು ಕಿಲೋ ಹುಡುಗನಿಗೆ ಅದು ಒಂದೇ ಒಂದು ಲೀಟರ್. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತ ಸತ್ತರು, ಐದು ವಾರದೊಳಗೆ ಮೂವರೂ. ಅದಾದ ಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ರಬ್ಬರ್ ಸೂಟು, ಸೌನಾ ಎರಡನ್ನೂ ನಿಷೇಧಿಸಿತು. ತೂಕ ನೋಡುವ ಸಮಯವನ್ನು ಕುಸ್ತಿಯ ಹತ್ತಿರಕ್ಕೆ ತಂದಿತು. ಮೈಯಲ್ಲಿ ನೀರು ಸಾಕಷ್ಟಿದ್ದಾಗ, ಕೊಬ್ಬಿನಂಶ ಅಳೆದು, ಈ ಹುಡುಗ ಇಷ್ಟಕ್ಕಿಂತ ಕೆಳಗಿನ ವಿಭಾಗಕ್ಕೆ ಇಳಿಯಕೂಡದು ಎಂದು ಋತುವಿನ ಶುರುವಿನಲ್ಲೇ ಗೊತ್ತುಮಾಡುವ ಪದ್ಧತಿ ಬಂತು.

ಈ ಕೊನೆಯ ಪದ್ಧತಿಯನ್ನು ನೀವು ಯಾವ ಆದೇಶಕ್ಕೂ ಕಾಯದೆ ನಾಳೆಯೇ ಜಾರಿಗೆ ತರಬಹುದು. ಹುಡುಗ ಚೆನ್ನಾಗಿ ಉಂಡು, ನೀರು ಕುಡಿದು, ನಿದ್ದೆ ಮಾಡಿ ಎದ್ದ ಬೆಳಗಿನ ತೂಕ ಬರೆದಿಟ್ಟುಕೊಳ್ಳಿ. ಅವನ ವಿಭಾಗ ಅದರಿಂದ ತೀರ್ಮಾನವಾಗಲಿ. ಇಳಿಸಲೇಬೇಕಿದ್ದರೆ ಬೆಳವಣಿಗೆ ಮುಗಿದವರಿಗೆ ಮಾತ್ರ, ವಾರಕ್ಕೆ ಅರ್ಧ ಕಿಲೋದಂತೆ, ತಿಂಗಳುಗಳ ಮುಂಚೆ ಶುರುವಾಗಲಿ. ಇನ್ನೂ ಎತ್ತರ ಬೆಳೆಯುತ್ತಿರುವ ಮಗುವಿನ ತೂಕ ವರ್ಷ ವರ್ಷ ಏರಲೇಬೇಕು. ಅವನನ್ನು ಹಿಂದಿನ ವರ್ಷದ ವಿಭಾಗದಲ್ಲೇ ಹಿಡಿದಿಟ್ಟರೆ ಅವನ ಎಲುಬಿನಿಂದ, ಸ್ನಾಯುವಿನಿಂದ ಕಿತ್ತುಕೊಂಡಂತೆ.

ಹುಡುಗಿಯರ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಅಪಾಯ ಒಂದು ರಾತ್ರಿಯಲ್ಲಿ ಬರುವುದಿಲ್ಲ, ಸದ್ದಿಲ್ಲದೆ ತಿಂಗಳುಗಟ್ಟಲೆ ಬೆಳೆಯುತ್ತದೆ.

ದೂರದ ಓಟದ ಹುಡುಗಿಯೊಬ್ಬಳು ಬಂದಿದ್ದಳು. ಹತ್ತನೇ ತರಗತಿ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೆರಳಿಟ್ಟರೆ ಒಂದೇ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಜೀವ ಹೋಗುವಂತೆ ನೋವು. ಬೆರಳ ತುದಿ ತಣ್ಣಗೆ, ನಾಡಿ ನಿಧಾನ. ಕೆನ್ನೆ ಮೇಲೆ ಎಳೆ ರೋಮ. ಮುಟ್ಟು ಯಾವಾಗ ಆಯಿತು ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಅವ್ವ ಹೇಳಿದರು, "ದೀಪಾವಳಿಯಿಂದ ಇಲ್ಲರೀ. ಓಡೋ ಹುಡುಗೇರಿಗೆ ಹಂಗ ಆಗತೈತಿ, ಚಲೋನ ಆತು ಅಂತಾರ್ರೀ." ನಾನು ಕೇಳಿದಾಗ ಮಳೆಗಾಲ ಬಂದಿತ್ತು. ಏನು ಉಣ್ಣುತ್ತೀಯ ಎಂದರೆ ಬೆರಳು ಮಡಚಿ ಎಣಿಸಿದಳು: ಬೆಳಿಗ್ಗೆ ಓಟ ಮುಗಿದ ಮೇಲೆ ಒಂದು ತಟ್ಟೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಒಂದು ರೊಟ್ಟಿ. ಎರಡನೇ ರೊಟ್ಟಿ ಬಿಟ್ಟದ್ದು ಯಾಕೆ? ಹಗುರಾದರೆ ಟೈಮಿಂಗ್ ಬರುತ್ತದೆ ಎಂದಿದ್ದರಂತೆ. ಸ್ಕ್ಯಾನ್‌ನಲ್ಲಿ ಎಲುಬಿನ ಸಣ್ಣ ಬಿರುಕು ಕಂಡಿತು, ಸ್ಟ್ರೆಸ್ ಫ್ರಾಕ್ಚರ್.

ಹಗುರಾದರೆ ವೇಗ ಬರುತ್ತದೆ ಎಂಬ ನಿಮ್ಮ ಅನುಭವ ಪೂರಾ ಸುಳ್ಳಲ್ಲ. ಉಣ್ಣುವುದು ಕಡಿಮೆ ಮಾಡಿದ ಮೊದಲ ಕೆಲವು ವಾರ ಟೈಮಿಂಗ್ ಸುಧಾರಿಸುವುದುಂಟು. ಮೋಸವಾಗುವುದು ಅಲ್ಲೇ. ಹುಡುಗಿಗೂ ನಿಮಗೂ ದಾರಿ ಸರಿಯಿದೆ ಎನ್ನಿಸುತ್ತದೆ. ದೇಹ ಆ ಹೊತ್ತಿಗೆ ಒಳಗಿನ ಖರ್ಚುಗಳನ್ನು ಒಂದೊಂದಾಗಿ ಕಡಿತ ಮಾಡಲು ಶುರುಮಾಡಿರುತ್ತದೆ. ಮೊದಲು ಮುಟ್ಟು ನಿಲ್ಲುತ್ತದೆ. ಅದರೊಂದಿಗೆ ಈಸ್ಟ್ರೋಜನ್ ಕುಸಿದು ಎಲುಬು ಕಟ್ಟುವ ಕೆಲಸ ನಿಧಾನವಾಗುತ್ತದೆ. ಸಣ್ಣ ಗಾಯ ಬೇಗ ಮಾಯುವುದಿಲ್ಲ, ನೆಗಡಿ ಕೆಮ್ಮು ಬಿಡುವುದಿಲ್ಲ, ನಿದ್ದೆ ಕೆಡುತ್ತದೆ, ಮಗು ಸಿಡಿಮಿಡಿ ಎನ್ನುತ್ತದೆ. ಆಮೇಲೆ ಟೈಮಿಂಗ್ ಬೀಳುತ್ತದೆ. ನೀವು ತರಬೇತಿ ಹೆಚ್ಚಿಸುತ್ತೀರಿ, ಅವಳು ಇನ್ನೊಂದು ರೊಟ್ಟಿ ಬಿಡುತ್ತಾಳೆ.

ವೈದ್ಯಕೀಯದಲ್ಲಿ ಇದರ ಲೆಕ್ಕ ಈಗ ಸಾಕಷ್ಟು ಸ್ಪಷ್ಟವಾಗಿದೆ. ಉಂಡ ಒಟ್ಟು ಕ್ಯಾಲೊರಿಯಿಂದ ತರಬೇತಿಯಲ್ಲಿ ಸುಟ್ಟದ್ದನ್ನು ಕಳೆಯಿರಿ. ಉಳಿದದ್ದು ಹೃದಯ, ಮಿದುಳು, ಎಲುಬು, ಮುಟ್ಟು, ಬೆಳವಣಿಗೆ ಎಲ್ಲಕ್ಕೂ ಸಾಲಬೇಕು. ಕೊಬ್ಬು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲೊರಿ ಉಳಿದರೆ ಎಲ್ಲವೂ ಸುಸೂತ್ರ. 30ಕ್ಕಿಂತ ಕೆಳಗಿಳಿದರೆ ಕೆಡುಕು ಶುರು. ಓಹಾಯೋ ವಿಶ್ವವಿದ್ಯಾಲಯದ ಆನ್ ಲೌಕ್ಸ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ಯುವತಿಯರಿಗೆ ಐದೇ ದಿನ ಆ ಮಟ್ಟಕ್ಕಿಂತ ಕಡಿಮೆ ಕೊಟ್ಟಾಗ ಮುಟ್ಟನ್ನು ನಡೆಸುವ ಹಾರ್ಮೋನಿನ ತಾಳ ತಪ್ಪಿತು. ಐದು ದಿನ! ನಮ್ಮ ಹುಡುಗಿಯರು ಹೀಗೆ ವರ್ಷಗಟ್ಟಲೆ ಕಳೆಯುತ್ತಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟಿತು. ಕ್ರೀಡೆಯಲ್ಲಿ ಶಕ್ತಿಯ ಕೊರತೆಯಿಂದ ದೇಹದ ಹಲವು ಅಂಗಗಳು ಸೊರಗುವ ಸ್ಥಿತಿ ಅದು. ಹುಡುಗರಿಗೂ ಬರುತ್ತದೆ. ಅವರಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಎಲುಬು ಅದೇ ರೀತಿ ಸೋಲುತ್ತದೆ. ಮುಟ್ಟಿನಂಥ ಕಣ್ಣಿಗೆ ಕಾಣುವ ಗುರುತು ಇಲ್ಲವಾದ್ದರಿಂದ ತಡವಾಗಿ ತಿಳಿಯುತ್ತದೆ ಅಷ್ಟೆ.

ಅಮೆರಿಕದ ಮೇರಿ ಕೇನ್ 2013ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ವಿಶ್ವ ಅಥ್ಲೆಟಿಕ್ಸ್‌ಗೆ ಆಯ್ಕೆಯಾದ ಹುಡುಗಿ. ಅವಳ ಓಟ ನೋಡಿ ಇಡೀ ದೇಶ ಬೆರಗಾಗಿತ್ತು. 2019ರಲ್ಲಿ ಆಕೆಯೇ ಮುಂದೆ ಬಂದು ಹೇಳಿದಳು: ತೂಕ ಇಳಿಸು, ಇನ್ನೂ ಇಳಿಸು ಎಂದು ಬೆನ್ನುಬಿದ್ದರು, ಮೂರು ವರ್ಷ ಮುಟ್ಟು ನಿಂತಿತು, ಐದು ಎಲುಬು ಮುರಿದವು. ಹೆಣ್ಣುಮಗಳ ಎಲುಬಿನ ಬಹುಪಾಲು ಹದಿನೆಂಟರೊಳಗೆ ಕಟ್ಟಿ ಮುಗಿಯುತ್ತದೆ. ಹದಿನಾರರಲ್ಲಿ ಕಳೆದುಕೊಂಡದ್ದನ್ನು ಮೂವತ್ತರಲ್ಲಿ ಕ್ಯಾಲ್ಸಿಯಂ ಗುಳಿಗೆ ನುಂಗಿ ಪೂರ್ತಿ ಮರಳಿ ಪಡೆಯಲಾಗುವುದಿಲ್ಲ. ನಿಮ್ಮ ಕೈಲಿ ಒಬ್ಬ ಹುಡುಗಿ ಇರುವುದು ನಾಲ್ಕೋ ಐದೋ ವರ್ಷ. ಆ ಎಲುಬಿನಲ್ಲಿ ಅವಳು ಎಪ್ಪತ್ತು ವರ್ಷ ಬಾಳಬೇಕು.

ಆದ್ದರಿಂದ ಮುಟ್ಟಿನ ಬಗ್ಗೆ ಕೇಳಲು ಸಂಕೋಚ ಬೇಡ. ನಿಮಗೆ ಕೇಳಲು ಕಷ್ಟವಾದರೆ ಹಾಸ್ಟೆಲಿನ ವಾರ್ಡನ್ ಮೇಡಂ ಅಥವಾ ಹಿರಿಯ ಆಟಗಾರ್ತಿ ತಿಂಗಳಿಗೊಮ್ಮೆ ಕೇಳಿ ಒಂದು ಪುಸ್ತಕದಲ್ಲಿ ಗುರುತು ಹಾಕಲಿ. ಮೂರು ತಿಂಗಳು ತಪ್ಪಿದರೆ ಡಾಕ್ಟರ ಬಳಿ ಕಳಿಸಿ. ಹದಿನೈದು ತುಂಬಿದರೂ ಮೈನೆರೆಯದಿದ್ದರೆ ಆಗಲೂ ಕಳಿಸಿ. ಓಡುವ ಹುಡುಗಿಗೆ ಮುಟ್ಟು ನಿಲ್ಲುವುದು ಸಹಜ ಎನ್ನುವ ಮಾತು ನಮ್ಮ ಮೈದಾನಗಳಿಂದ ತೊಲಗಬೇಕು. ತಿಂಗಳಿಗೆ ಸರಿಯಾಗಿ ಮುಟ್ಟಾಗುವ ಹುಡುಗಿಯ ಮೈಯಲ್ಲಿ ತರಬೇತಿ ಅರಗಿಸಿಕೊಳ್ಳುವ ಶಕ್ತಿ ಇದೆ ಎಂದರ್ಥ.

ಇಷ್ಟೂ ಆರೋಗ್ಯದ ಮಾತಾಯಿತು, ಪದಕದ ಮಾತು ಹೇಳಿ ಎನ್ನುತ್ತೀರಿ. ಹೇಳುತ್ತೇನೆ.

1966ರಲ್ಲಿ ಸ್ವೀಡನ್ನಿನ ಇಬ್ಬರು ವೈದ್ಯರು, ಯೋನಾಸ್ ಬೆರ್ಗ್‌ಸ್ಟ್ರಾಮ್ ಮತ್ತು ಎರಿಕ್ ಹಲ್ಟ್‌ಮನ್, ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್ಲಿನ ಎರಡು ಬದಿಗೆ ನಿಂತು ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಸುಸ್ತಾಗುವವರೆಗೆ ತುಳಿದರು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ಆಮೇಲೆ ಮೂರು ದಿನ ಹೆಚ್ಚು ಪಿಷ್ಟವಿರುವ ಊಟ ಮಾಡುತ್ತ, ದಪ್ಪ ಸೂಜಿಯಿಂದ ಎರಡೂ ತೊಡೆಯ ಸ್ನಾಯು ತೆಗೆದು ನೋಡಿದರು. ತುಳಿದ ಕಾಲಿನಲ್ಲಿ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆ, ಸುಮ್ಮನಿದ್ದ ಕಾಲಿನ ಸುಮಾರು ಎರಡರಷ್ಟು ತುಂಬಿತ್ತು. ದುಡಿದ ಸ್ನಾಯು ಊಟಕ್ಕಾಗಿ ಬಾಯ್ತೆರೆದು ಕಾಯುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಮರುವರ್ಷ ಅದೇ ಗುಂಪು ಇನ್ನೊಂದು ಪ್ರಯೋಗ ಮಾಡಿತು. ಮೂರು ಬಗೆಯ ಊಟಕ್ಕೂ ಅದೇ ಜನ, ಅದೇ ಸೈಕಲ್, ಅದೇ ವೇಗ. ಪಿಷ್ಟವಿಲ್ಲದ ಊಟ ಮಾಡಿದಾಗ ಸುಮಾರು ಒಂದು ಗಂಟೆಗೆ ಕಾಲು ಸೋತವು, ಎಲ್ಲವೂ ಬೆರೆತ ಊಟಕ್ಕೆ ಸುಮಾರು ಎರಡು ಗಂಟೆ, ಪಿಷ್ಟ ತುಂಬಿದ ಊಟಕ್ಕೆ ಎರಡೂಮುಕ್ಕಾಲು ಗಂಟೆ. ಯಾವ ಗುಳಿಗೆಯೂ ಕೊಡಲಾಗದ ಫಲ ಇದು.

ಇತ್ತೀಚೆಗೆ ಮೊಬೈಲಿನಲ್ಲಿ ನೋಡಿ ರೊಟ್ಟಿ ಅನ್ನ ಬಿಟ್ಟು ಕೀಟೋ ಮಾಡುವ ಹುಡುಗರು ಹೆಚ್ಚಾಗಿದ್ದಾರೆ. ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ತಂಡ ವಿಶ್ವದರ್ಜೆಯ ವೇಗನಡಿಗೆ ಪಟುಗಳಿಗೆ ಮೂರು ವಾರ ಬೇರೆ ಬೇರೆ ಊಟ ಕೊಟ್ಟು ನೋಡಿ 2017ರಲ್ಲಿ ಪ್ರಕಟಿಸಿದ್ದು ಇದು: ಪಿಷ್ಟ ತಿಂದವರು 10 ಕಿಲೋಮೀಟರ್‌ನಲ್ಲಿ ಶೇಕಡಾ 5ರಿಂದ 7ರಷ್ಟು ವೇಗ ಹೆಚ್ಚಿಸಿಕೊಂಡರು, ಪಿಷ್ಟ ಬಿಟ್ಟು ಕೊಬ್ಬು ತಿಂದವರು ಅದೇ ತರಬೇತಿ ಮಾಡಿಯೂ ಸುಧಾರಿಸಲಿಲ್ಲ. ಕೊಬ್ಬನ್ನು ಸುಡುವುದನ್ನು ದೇಹ ಕಲಿತಿತು, ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಡಿತು. ಮಧುಮೇಹದವರಿಗೆ ನಾನು ಹೇಳುವ ಪಥ್ಯವನ್ನು ಓಡುವ ಮಗುವಿಗೆ ಹೇಳಬೇಡಿ.

ಹಾಗಾದರೆ ಎಷ್ಟು ಉಣ್ಣಬೇಕು? ದಿನಕ್ಕೆ ಒಂದೆರಡು ಗಂಟೆ ಬೆವರು ಸುರಿಸುವ ಐವತ್ತು ಕಿಲೋ ಹುಡುಗಿಯನ್ನು ತೆಗೆದುಕೊಳ್ಳೋಣ. ಕಿಲೋಗೆ 6 ಗ್ರಾಂನಂತೆ ಅವಳಿಗೆ ದಿನಕ್ಕೆ 300 ಗ್ರಾಂ ಪಿಷ್ಟ ಬೇಕು, ಒಂದೂವರೆ ಗ್ರಾಂನಂತೆ 75 ಗ್ರಾಂ ಪ್ರೋಟೀನ್. ನಮ್ಮ ಕಡೆಯ ದೊಡ್ಡ ಜೋಳದ ರೊಟ್ಟಿ ನಾಲ್ಕು, ನೂರು ಗ್ರಾಂ ಅಕ್ಕಿಯ ಅನ್ನ, ಎರಡು ಬಾಳೆಹಣ್ಣು: 300 ಗ್ರಾಂ ಪಿಷ್ಟ ಅಲ್ಲಿಗೆ ಮುಗಿಯಿತು. ಆ ರೊಟ್ಟಿಯಲ್ಲೇ 24 ಗ್ರಾಂ ಪ್ರೋಟೀನ್ ಇದೆ, ಅನ್ನದಲ್ಲಿ ಏಳೆಂಟು. ಎರಡು ಮೊಟ್ಟೆ 12, ಅರ್ಧ ಲೀಟರ್ ಹಾಲು ಮೊಸರು 16, ಒಂದು ಹಿಡಿ ಶೇಂಗಾ ಏಳೆಂಟು, ಐವತ್ತು ಗ್ರಾಂ ಬೇಳೆ 11. ಕೂಡಿಸಿ ನೋಡಿ, 75 ದಾಟುತ್ತದೆ. ಮೊಟ್ಟೆ ತಿನ್ನದ ಮನೆಯವರು ಆ ಜಾಗದಲ್ಲಿ ಇನ್ನಷ್ಟು ಕಾಳು, ಇನ್ನೊಂದು ಲೋಟ ಹಾಲು ಇಟ್ಟರಾಯಿತು, ಬಿ12 ಒಮ್ಮೆ ಪರೀಕ್ಷೆ ಮಾಡಿಸಿದರಾಯಿತು. ಈ ಲೆಕ್ಕದಲ್ಲಿ ಡಬ್ಬಿಯ ಪ್ರೋಟೀನ್ ಪುಡಿ ಎಲ್ಲೂ ಬರಲಿಲ್ಲ. ಹಾಸ್ಟೆಲಿನ ಪಾತ್ರೆಯಲ್ಲಿ ಕೊರತೆ ಬೀಳುವುದು ಬೇಳೆ, ಹಾಲು, ಮೊಟ್ಟೆಯದು. ಸಾರಿನಲ್ಲಿ ಬೇಳೆ ತಳದಲ್ಲಿ ಉಳಿದು ಮಕ್ಕಳ ತಟ್ಟೆಗೆ ಮೇಲಿನ ತಿಳಿ ಬೀಳುತ್ತದೆ. ಬಡಿಸುವ ಹೊತ್ತಿಗೆ ಒಂದು ದಿನ ನೀವು ಅಡುಗೆಮನೆಯಲ್ಲಿ ನಿಂತು ನೋಡಿ. ಅಡುಗೆಯವರನ್ನು ಬೈಯಬೇಡಿ, ಅವರಿಗೆ ಕೊಡುವ ಬೇಳೆಯ ಅಳತೆ ಕೇಳಿ.

ಎಷ್ಟು ಎಂಬುದರ ಜೊತೆಗೆ ಯಾವಾಗ ಎಂಬುದೂ ಇದೆ. ನಮ್ಮ ಹಾಸ್ಟೆಲ್‌ಗಳ ದಿನಚರಿ ನೋಡಿದರೆ ನನಗೆ ಸಂಕಟವಾಗುತ್ತದೆ. ರಾತ್ರಿ ಎಂಟಕ್ಕೆ ಊಟ. ಬೆಳಿಗ್ಗೆ ಐದೂವರೆಗೆ ಬರೀ ಹೊಟ್ಟೆಯಲ್ಲಿ ಮೈದಾನ. ಎಂಟೂವರೆಗೆ ತಿಂಡಿ, ಅಂದರೆ ಹನ್ನೆರಡೂವರೆ ಗಂಟೆ ಹೊಟ್ಟೆಗೆ ಏನೂ ಇಲ್ಲ, ಅದರಲ್ಲಿ ಎರಡು ಗಂಟೆ ಗಟ್ಟಿ ಕಸರತ್ತು. ಮಧ್ಯಾಹ್ನ ಒಂದಕ್ಕೆ ಉಂಡ ಅನ್ನದ ಮೇಲೆ ಸಂಜೆ ಮತ್ತೆ ತರಬೇತಿ. ಏಳುತ್ತಲೇ ಒಂದು ಬಾಳೆಹಣ್ಣು, ಇಲ್ಲವೇ ಬೆಲ್ಲ ಹಾಕಿದ ಒಂದು ಲೋಟ ರಾಗಿ ಅಂಬಲಿ ಕೊಡಿ. ತರಬೇತಿ ಮುಗಿದ ಅರ್ಧ ಗಂಟೆಯೊಳಗೆ ಶೇಂಗಾ ಉಂಡೆ, ಹಾಲು ಅಥವಾ ನೆನೆಸಿದ ಕಡಲೆ, ಬಾಳೆಹಣ್ಣು ಕೈಗಿಡಿ. ದುಡಿದ ಸ್ನಾಯು ಬಾಯ್ತೆರೆದಿರುವ ಹೊತ್ತು ಅದು. ಸಂಜೆ ಮೈದಾನಕ್ಕೆ ಇಳಿಯುವ ಮುಂಚೆ ಮಂಡಕ್ಕಿ, ಅವಲಕ್ಕಿ ಏನಾದರೂ ಸರಿ. ಉಪ್ಪು ನಿಂಬೆ ಹಾಕಿದ ಮಜ್ಜಿಗೆಯ ಕೊಡ ಮೈದಾನದ ಅಂಚಿನಲ್ಲಿ ಇರಲಿ. ನೀರು ಕುಡಿಯಲು ಕೇಳಿದ ಮಗುವಿಗೆ "ಇನ್ನೂ ಎರಡು ರೌಂಡ್ ಮುಗಿಸು" ಎನ್ನುವ ಶಿಸ್ತು ಬೇಡ. ಸೋಮವಾರ, ಏಕಾದಶಿ, ರಂಜಾನ್ ಎಂದು ಉಪವಾಸ ಮಾಡುವ ಮಕ್ಕಳಿದ್ದರೆ ಅವರ ಭಕ್ತಿಗೆ ಅಡ್ಡಬರಬೇಡಿ, ಆ ದಿನದ ಕಸರತ್ತನ್ನು ಇಳಿಸಿ.

ರಕ್ತದ ಬಗ್ಗೆ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ನಿಮ್ಮ ಟ್ರ್ಯಾಕ್ ಮೇಲೆ ನಿಂತ ಹುಡುಗಿಯರೂ ಇದೇ ಮನೆಗಳಿಂದ ಬಂದವರು, ಸಾಲದ್ದಕ್ಕೆ ಬೆವರಿನಲ್ಲೂ ಕಬ್ಬಿಣ ಕಳೆದುಕೊಳ್ಳುವವರು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ 9 ಇರುವ ಹುಡುಗಿಯನ್ನು ಸೋಮಾರಿ ಎಂದು ಬೈದರೆ ಅವಳು ಏನು ಮಾಡಿಯಾಳು? ಋತುವಿನ ಆರಂಭದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ ಎರಡನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನು, ಖಾಲಿ ಇರಬಹುದು. ಕಾಳು ಸೊಪ್ಪಿನ ಊಟಕ್ಕೆ ನಿಂಬೆ ಹಿಂಡಲಿ, ಊಟದ ಬೆನ್ನಿಗೇ ಚಹಾ ಕುಡಿಯುವುದು ಬಿಡಲಿ. ಕಠಿಣ ತರಬೇತಿಯಾದ ಮೇಲೆ ಮೂರರಿಂದ ಆರು ಗಂಟೆ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಗುಳಿಗೆ ಯಾವ ಹೊತ್ತಿಗೆ ಎಂಬುದನ್ನು ಡಾಕ್ಟರಿಗೆ ಮೈದಾನದ ವೇಳಾಪಟ್ಟಿ ತೋರಿಸಿ ಕೇಳಿ.

ಇನ್ನು ಪೂರಕಗಳ ಡಬ್ಬಿಗಳು. ಇಲ್ಲಿ ಕಠಿಣವಾಗಿ ಬರೆಯುತ್ತೇನೆ, ಕ್ಷಮಿಸಿ. ನಮ್ಮದೇ ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದಾಗ ನಾವೆಲ್ಲ ಹಿಗ್ಗಿದ್ದೆವು. ಮರುವರ್ಷ ಆಕೆಯ ಮತ್ತು ಕೆಲವು ಸಹ ಓಟಗಾರ್ತಿಯರ ಮೂತ್ರದಲ್ಲಿ ಸ್ಟಿರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ಕೊಟ್ಟ ಜಿನ್‌ಸೆಂಗ್ ಗುಳಿಗೆಯಿಂದ ಬಂತು ಎಂದು ಅವರು ಹೇಳಿದರು. ಗೊತ್ತಿಲ್ಲದೆ ಸೇವಿಸಿದ್ದಾರೆ ಎಂಬುದನ್ನು ವಿಚಾರಣಾ ಸಮಿತಿ ಒಪ್ಪಿತು, ಆದರೂ ಒಂದು ವರ್ಷ ನಿಷೇಧ ಹಾಕಿತು. 2012ರಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕಾನೂನು ಇರುವುದೇ ಹಾಗೆ: ಯಾರು ಕೊಟ್ಟರೂ, ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ. 2000-01ರಲ್ಲಿ ಕೊಲೋನ್ ನಗರದ ಪ್ರಯೋಗಾಲಯವೊಂದು 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಪರೀಕ್ಷಿಸಿದಾಗ 94ರಲ್ಲಿ ಲೇಬಲ್ಲಿನಲ್ಲಿ ನಮೂದಿಸದ ಹಾರ್ಮೋನು ಪದಾರ್ಥಗಳಿದ್ದವು. ನೂರಕ್ಕೆ ಹದಿನೈದು! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪುಡಿ ಬೇಡವೆಂದೇ ಹೇಳಿದೆ. ನಿಮ್ಮಲ್ಲಿ ಕೆಲವರಿಗೆ ಅಂಗಡಿಯವರು ಡಬ್ಬಿಗೆ ಇಷ್ಟು ಎಂದು ಕಮಿಷನ್ ಕೊಡುತ್ತಾರೆ ಎಂದು ಪೋಷಕರು ಬಂದು ನನ್ನ ಮುಂದೆ ಹೇಳಿದ್ದಾರೆ. ಹೊಲ ಅಡವಿಟ್ಟು ಮಗನನ್ನು ಕಳಿಸಿದ ತಂದೆ ತಿಂಗಳಿಗೆ ನಾಲ್ಕು ಸಾವಿರದ ಡಬ್ಬಿ ಕೊಳ್ಳುತ್ತಾನೆ, ಅದೇ ದುಡ್ಡಿನಲ್ಲಿ ಆ ಹುಡುಗನಿಗೆ ದಿನಾ ಒಂದು ಲೀಟರ್ ಹಾಲು, ನಾಲ್ಕು ಮೊಟ್ಟೆ, ಒಂದು ಹಿಡಿ ಶೇಂಗಾ ಬರುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಿ.

ನಮ್ಮ ಹಳೆಯ ಗರಡಿಗಳಲ್ಲಿ ಹೊಸ ಹುಡುಗ ಬಂದರೆ ವಸ್ತಾದರು ಮೊದಲು ಕೇಳುತ್ತಿದ್ದದ್ದು ಮನೆಯಲ್ಲಿ ಎಮ್ಮೆ ಇದೆಯೇ ಎಂಬುದನ್ನೇ ಎಂದು ಹಿರಿಯ ಪೈಲ್ವಾನರು ಹೇಳುವುದನ್ನು ಕೇಳಿದ್ದೇನೆ. ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ ಅವರ ಕಸರತ್ತಿನ ಭಾಗವೇ ಆಗಿತ್ತು. ಆ ಊಟದ ಎಲ್ಲವೂ ಇಂದಿಗೆ ಹೊಂದುವುದಿಲ್ಲ. ತುಪ್ಪ ಅಷ್ಟು ಬೇಕಿಲ್ಲ, ರೊಟ್ಟಿ ಕಾಳು ಇನ್ನಷ್ಟು ಬೇಕು. ಆದರೆ ಮಗುವಿನ ಹೊಟ್ಟೆ ತುಂಬಿದೆಯೇ ಎಂದು ವಿಚಾರಿಸುವುದು ಗುರುವಿನ ಕೆಲಸ ಎಂದು ಅವರು ತಿಳಿದಿದ್ದರು.

ಕೊನೆಯದಾಗಿ ನನ್ನ ಕೋರಿಕೆಗಳು. ಎಲ್ಲರೆದುರು ಮಕ್ಕಳನ್ನು ತೂಗಿ ಸಂಖ್ಯೆ ಕೂಗುವುದನ್ನು ನಿಲ್ಲಿಸಿ. ತೂಕ ನೋಡಲೇಬೇಕಿದ್ದರೆ ಒಬ್ಬೊಬ್ಬರನ್ನೇ ಕರೆದು ನೋಡಿ, ಬರೆದಿಡಿ, ಟೀಕೆ ಬೇಡ. "ದಪ್ಪ ಆಗೀ" ಎಂಬ ಮಾತನ್ನು ಹದಿಹರೆಯದ ಹುಡುಗಿಗೆ ತಮಾಷೆಗೂ ಹೇಳಬೇಡಿ, ಆ ಒಂದು ಮಾತಿಗೆ ಊಟ ಬಿಟ್ಟವರನ್ನು ನಾನು ನೋಡಿದ್ದೇನೆ. ಹಾಸ್ಟೆಲಿನ ಆಹಾರ ಭತ್ಯೆ ಸಾಲದಿದ್ದರೆ ಲಿಖಿತವಾಗಿ ಬರೆಯಿರಿ, ಮೇಲಿನ ಲೆಕ್ಕವನ್ನು ಲಗತ್ತಿಸಿ. ಡಾಕ್ಟರ ಸಹಿ ಬೇಕಿದ್ದರೆ ನಾನು ಹಾಕುತ್ತೇನೆ.

ಮುಂದಿನ ಸೆಲೆಕ್ಷನ್ ಟ್ರಯಲ್ಸ್‌ಗೆ ಮುಂಚೆ ಒಂದು ಭಾನುವಾರ ಗೊತ್ತುಮಾಡಿ ನನಗೆ ತಿಳಿಸಿ. ನಾನು ಹಾಸ್ಟೆಲಿಗೇ ಬರುತ್ತೇನೆ, ಹಣ ಬೇಡ. ಮಕ್ಕಳ ರಕ್ತದ ವರದಿ, ತರಬೇತಿಯ ವೇಳಾಪಟ್ಟಿ, ಆ ವಾರದ ಊಟದ ಪಟ್ಟಿ ಇಷ್ಟು ತಯಾರಿರಲಿ. ಅಡುಗೆಯವರನ್ನೂ ಕರೆಯಿರಿ, ಅವರೊಂದಿಗೆ ನನಗೆ ಬಹಳ ಮಾತಾಡುವುದಿದೆ.

ನಿಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ವೈದ್ಯೆ